ಕಲ್ಲಿನಲ್ಲಿ ಬಿಲ್ಲೆಗಳು: ಪ್ರಾಣಿಗಳು ಹುಟ್ಟಿದ ಕಾಲದ ಒಗಟು

ಕೆನಡಾದ ನ್ಯೂಫೌಂಡ್‌ಲೆಂಡ್ ದ್ವೀಪದ ಸೇಂಟ್ ಜಾನ್ಸ್ ನಗರದಲ್ಲಿ ರಸ್ತೆ, ಮನೆಗಳ ಅಡಿಯಿಂದ ಅಲ್ಲಲ್ಲಿ ಕಪ್ಪು ಜೇಡಿಕಲ್ಲು ಹೊರಗೆ ಇಣುಕುತ್ತದೆ. ಅದರ ಮೇಲೆ ದುಂಡನೆಯ ಗುರುತುಗಳಿವೆ. ಕೆಲವು ಬರಿಯ ಮಿಲಿಮೀಟರುಗಳಷ್ಟು, ಕೆಲವು ಅಂಗೈಯ ಅರ್ಧದಷ್ಟು. ಒಂದರೊಳಗೊಂದು ಉಂಗುರಗಳು, ನಡುವೆ ಒಂದು ಸಣ್ಣ ಗುಬುಟು. 1868ರಲ್ಲಿ ಭೂವಿಜ್ಞಾನಿ ಅಲೆಕ್ಸಾಂಡರ್ ಮರ್ರೆ ಇವುಗಳನ್ನು ಗಮನಿಸಿದರು. 1872ರಲ್ಲಿ ಎಲ್ಕಾನಾ ಬಿಲ್ಲಿಂಗ್ಸ್ ಇವುಗಳಿಗೆ ಆಸ್ಪಿಡೆಲ್ಲಾ ಎಂದು ಹೆಸರಿಟ್ಟು, ಇವು ಜೀವಿಗಳ ಅವಶೇಷ ಎಂದು ಪ್ರಕಟಿಸಿದರು. ಆ ಕಲ್ಲಿನ ಪದರಗಳು ಸುಮಾರು 53.9 ಕೋಟಿ ವರ್ಷಗಳ ಹಿಂದೆ ಆರಂಭವಾದ ಕೇಂಬ್ರಿಯನ್ ಕಾಲಕ್ಕಿಂತ ಹಳೆಯವು. ಅಷ್ಟು ಹಳೆಯ ಕಲ್ಲಿನಲ್ಲಿ ಕಣ್ಣಿಗೆ ಕಾಣುವ ಜೀವಿ ಇರಲಾರದು ಎಂಬುದು ಅಂದಿನ ದೃಢ ನಂಬಿಕೆ. ಹಾಗಾಗಿ ಕೆಸರಿನಿಂದ ಅನಿಲದ ಗುಳ್ಳೆ ಹೊರಬಿದ್ದ ಗುರುತು, ಖನಿಜ ಗಂಟು ಕಟ್ಟಿದ ಕಲೆ ಎಂದೆಲ್ಲ ಹೇಳಿ ಅವುಗಳನ್ನು ಪಕ್ಕಕ್ಕಿಟ್ಟರು. ಬಿಲ್ಲಿಂಗ್ಸ್ ಹೇಳಿದ್ದು ಸರಿ ಎಂದು ವಿಜ್ಞಾನಿಗಳ ಬಳಗ ಪೂರ್ತಿಯಾಗಿ ಒಪ್ಪಿಕೊಳ್ಳಲು ಒಂದು ಶತಮಾನಕ್ಕೂ ಹೆಚ್ಚು ಕಾಲ ಹಿಡಿಯಿತು.

ಅವರ ಅನುಮಾನಕ್ಕೆ ಗಟ್ಟಿಯಾದ ಕಾರಣವೂ ಇತ್ತು. ಪ್ರಕೃತಿಯಲ್ಲಿ ವೃತ್ತದಷ್ಟು ಸುಲಭವಾಗಿ ಮೂಡುವ ಆಕಾರ ಇನ್ನೊಂದಿಲ್ಲ. ಕಾವಲಿಯ ಮೇಲೆ ಹುಯ್ದ ದೋಸೆ ಹಿಟ್ಟು ತನ್ನಷ್ಟಕ್ಕೆ ದುಂಡಗೆ ಹರಡುವಂತೆ, ಎಲ್ಲ ದಿಕ್ಕಿಗೂ ಸಮನಾಗಿ ಬೆಳೆಯುವ ಅಥವಾ ಕುಸಿಯುವ ಯಾವ ವಸ್ತುವೂ ದುಂಡಗಾಗುತ್ತದೆ. ಬ್ಯಾಕ್ಟೀರಿಯಾಗಳ ಗುಂಪು ದುಂಡು. ಚಪ್ಪಟೆಯಾದ ಪಾಚಿಯ ಗೋಲ ದುಂಡು. ಜೆಲ್ಲಿ ಮೀನು ದುಂಡು. ಸ್ವೀಡನ್ನಿನ ಉತ್ತರ ಭಾಗದಲ್ಲಿ ಸಿಕ್ಕ ಕುಲ್ಲಿಂಗಿಯಾ ಎಂಬ ಉಂಗುರಗಳ ಗುರುತನ್ನು ಬಹುಕಾಲ ಜೆಲ್ಲಿ ಮೀನಿನ ನೆಂಟ ಎಂದೇ ತಿಳಿದಿದ್ದರು. ನೆಲಕ್ಕೆ ಒಂದು ಕಡೆ ಅಂಟಿಕೊಂಡಿದ್ದ ಕೊಳವೆಯಂಥ ಜೀವಿಯೊಂದು ನೀರಿನ ಸೆಳೆತಕ್ಕೆ ಸುತ್ತುತ್ತ ಕೆಸರಿನ ಮೇಲೆ ಗೀಚಿದ ಗೆರೆಗಳು ಅವು ಎಂಬುದು ಆಮೇಲೆ ತಿಳಿಯಿತು. ಅಂದರೆ ಅಲ್ಲಿ ಕಲ್ಲಾಗಿ ಉಳಿದದ್ದು ದೇಹವೇ ಅಲ್ಲ.

ಹೀಗಾಗಿ ಬಿಲ್ಲೆಯ ಅಂಚನ್ನು ಎಷ್ಟು ಹೊತ್ತು ದಿಟ್ಟಿಸಿದರೂ ಅದು ಯಾವ ಜೀವಿ ಎಂಬುದು ಹೊಳೆಯುವುದಿಲ್ಲ. ಈ ಪಳೆಯುಳಿಕೆಗಳ ಬಗ್ಗೆ ಕಳೆದ ಎಂಬತ್ತು ವರ್ಷಗಳಲ್ಲಿ ತಿಳಿದುಬಂದ ಪ್ರತಿಯೊಂದು ಮುಖ್ಯ ಸಂಗತಿಯೂ ಅಂಚಿನಾಚೆಗೆ ನೋಡಿದ್ದರಿಂದ ಬಂದದ್ದು: ಬಿಲ್ಲೆಗೆ ಏನು ಅಂಟಿಕೊಂಡಿದೆ, ಅದು ಯಾವ ಮಗ್ಗುಲಲ್ಲಿ ಬಿದ್ದಿದೆ, ಅಕ್ಕಪಕ್ಕದ ನೆಲ ಹೇಗಿದೆ, ಅದರ ಮೇಲೆ ಉಳಿದ ಪೊರೆಯಲ್ಲಿ ಯಾವ ಅಣುಗಳಿವೆ.

1946ರಲ್ಲಿ ದಕ್ಷಿಣ ಆಸ್ಟ್ರೇಲಿಯಾದ ಸರ್ಕಾರಿ ಭೂವಿಜ್ಞಾನಿ ರೆಜ್ ಸ್ಪ್ರಿಗ್, ಎಡಿಯಾಕರಾ ಬೆಟ್ಟಗಳ ಹಳೆಯ ಗಣಿಗಳನ್ನು ಪರಿಶೀಲಿಸಲು ಹೋಗಿದ್ದರು. ಅಲ್ಲಿನ ಮರಳುಗಲ್ಲಿನ ಚಪ್ಪಡಿಗಳ ತಳಭಾಗದಲ್ಲಿ ಅವರಿಗೆ ಬಿಲ್ಲೆಗಳು ಕಂಡವು. ಮರುವರ್ಷ ಅವುಗಳನ್ನು ಜೆಲ್ಲಿ ಮೀನುಗಳೆಂದು ವರ್ಣಿಸಿ ಪ್ರಕಟಿಸಿದರು. ಎಡಿಯಾಕರಿಯಾ, ಡಿಕಿನ್ಸೋನಿಯಾ, ಸೈಕ್ಲೊಮೆಡುಸಾ ಮುಂತಾದ ಹೆಸರುಗಳು ಅವರಿಂದ ಬಂದವು. ಮೊದಮೊದಲು ಸಹೋದ್ಯೋಗಿಗಳು ಇವನ್ನು ಆಕಸ್ಮಿಕ ಗುರುತುಗಳೆಂದು ತಳ್ಳಿಹಾಕಿದರು. ಆದರೆ 1950ರ ದಶಕದ ಕೊನೆಯ ಹೊತ್ತಿಗೆ ಅಡಿಲೇಡ್ ವಿಶ್ವವಿದ್ಯಾಲಯದ ಮಾರ್ಟಿನ್ ಗ್ಲೆಸ್ನರ್ ಇವುಗಳ ಅಧ್ಯಯನವನ್ನು ಕೈಗೆತ್ತಿಕೊಂಡರು. ಜೆಲ್ಲಿ ಮೀನು, ಕಡಲ ಗರಿ, ಹುಳು ಎಂದು ಇಂದಿನ ಪ್ರಾಣಿಗಳ ಹೆಸರಿನ ಕೆಳಗೇ ಅವುಗಳಿಗೆ ಜಾಗ ಮಾಡಿಕೊಟ್ಟರು.

ಆ ವಿವರಣೆ ಎಲ್ಲರಿಗೂ ಹಿಡಿಸಿದ್ದರ ಹಿಂದೆ ಒಂದು ಹಳೆಯ ಕೊರಗು ಇತ್ತು. ಚಾರ್ಲ್ಸ್ ಡಾರ್ವಿನ್ 1859ರಲ್ಲೇ ತಮ್ಮ ಸಿದ್ಧಾಂತಕ್ಕೆ ಎದುರಾದ ದೊಡ್ಡ ತೊಂದರೆಯೊಂದನ್ನು ಮುಚ್ಚುಮರೆಯಿಲ್ಲದೆ ಬರೆದಿದ್ದರು. ಪ್ರಾಣಿಗಳ ಪಳೆಯುಳಿಕೆಗಳು ಒಂದು ಪದರದಿಂದ ಮೇಲಕ್ಕೆ ದಿಢೀರನೆ, ಸಾಕಷ್ಟು ಸಂಕೀರ್ಣ ರೂಪದಲ್ಲೇ ಕಾಣಿಸಿಕೊಳ್ಳುತ್ತವೆ. ಅದಕ್ಕಿಂತ ಕೆಳಗೆ ಅವುಗಳ ಪೂರ್ವಜರ ಸುಳಿವಿಲ್ಲ. ಜೆಲ್ಲಿ ಮೀನು ಸರಳ ಪ್ರಾಣಿ. ಮೊದಲು ಬರಬೇಕಾದದ್ದು ಮೊದಲೇ ಬಂದಿದೆ ಎಂದರೆ ಯಾರಿಗೆ ತಾನೇ ಸಮಾಧಾನವಾಗುವುದಿಲ್ಲ?

ಆ ಸಮಾಧಾನವನ್ನು ಕದಡಿದ ಸುಳಿವು ಇಂಗ್ಲೆಂಡಿನಲ್ಲಿ ಸಿಕ್ಕಿತು. ಲೆಸ್ಟರ್‌ಶೈರಿನ ಚಾರ್ನ್‌ವುಡ್ ಅರಣ್ಯದ ಬಂಡೆಗಳು ಕೇಂಬ್ರಿಯನ್‌ಗಿಂತ ಹಳೆಯವೆಂಬುದರಲ್ಲಿ ಯಾರಿಗೂ ಸಂಶಯವಿರಲಿಲ್ಲ. 1956ರಲ್ಲಿ ಟೀನಾ ನೇಗಸ್ ಎಂಬ ಶಾಲಾ ಬಾಲಕಿ ಅಲ್ಲಿ ಗರಿಯಂಥ ಅಚ್ಚೊಂದನ್ನು ಕಂಡು ತನ್ನ ಶಿಕ್ಷಕಿಗೆ ತಿಳಿಸಿದಳು. ಅಂಥ ಕಲ್ಲಿನಲ್ಲಿ ಪಳೆಯುಳಿಕೆ ಇರುವುದು ಸಾಧ್ಯವೇ ಇಲ್ಲ ಎಂಬ ಉತ್ತರ ಬಂತು. ಮರುವರ್ಷ ರೋಜರ್ ಮೇಸನ್ ಎಂಬ ಹುಡುಗ ಅದನ್ನೇ ಕಂಡ. ಅವನ ತಂದೆಯ ಮೂಲಕ ಸುದ್ದಿ ಭೂವಿಜ್ಞಾನಿ ಟ್ರೆವರ್ ಫೋರ್ಡ್ ಅವರನ್ನು ಮುಟ್ಟಿತು. 1958ರಲ್ಲಿ ಫೋರ್ಡ್ ಅದಕ್ಕೆ ಚಾರ್ನಿಯಾ ಎಂದು ಹೆಸರಿಟ್ಟರು. ಜೀವಿಯ ಪೂರ್ಣ ಹೆಸರಿನಲ್ಲಿ ಇಂದಿಗೂ ಮೇಸನ್ ಇದ್ದಾರೆ, ನೇಗಸ್ ಇಲ್ಲ. ಆ ಬಾಲಕಿಯ ಮಾತನ್ನು ಒಂದು ಸಲ ಹೋಗಿ ನೋಡಿ ಪರೀಕ್ಷಿಸಿದ್ದರೂ ಸಾಕಿತ್ತು ಎಂದು ಇದನ್ನು ಓದಿದಾಗಲೆಲ್ಲ ನನಗೆ ಬೇಸರವಾಗುತ್ತದೆ.

ಬಿಲ್ಲೆಗಳ ದೃಷ್ಟಿಯಿಂದ ಚಾರ್ನಿಯಾಕ್ಕಿಂತಲೂ ಮಹತ್ವದ್ದು ಅದೇ ಲೇಖನದಲ್ಲಿ ಫೋರ್ಡ್ ವರ್ಣಿಸಿದ ಇನ್ನೊಂದು ಪಳೆಯುಳಿಕೆ, ಚಾರ್ನಿಯೊಡಿಸ್ಕಸ್. ಅದರಲ್ಲಿ ಉಂಗುರಗಳುಳ್ಳ ಬಿಲ್ಲೆಯಿಂದಲೇ ಒಂದು ಕಾಂಡ ಹೊರಟು ಗರಿಯಾಗಿ ಹರಡಿಕೊಂಡಿದೆ. ಬಿಲ್ಲೆ ಇಡೀ ಜೀವಿಯಾಗಿರಲಿಲ್ಲ, ಅದರ ಪಾದ ಮಾತ್ರವಾಗಿತ್ತು. ಕಡಲ ತಳದಲ್ಲಿ ಊರಿ ನಿಂತು, ಮೇಲಿನ ಗರಿಯನ್ನು ನೀರಿನಲ್ಲಿ ಹಿಡಿದುಕೊಳ್ಳುವ ಬುಡ ಅದು.

ಈ ದೃಷ್ಟಿಯಿಂದ ಆಸ್ಟ್ರೇಲಿಯಾದ ಬಿಲ್ಲೆಗಳನ್ನು ಮತ್ತೆ ನೋಡಿದಾಗ ಜೆಲ್ಲಿ ಮೀನಿನ ವಾದದ ಬಿರುಕುಗಳು ಕಾಣತೊಡಗಿದವು. ಅಲೆ ತಂದು ಎಸೆದ ಜೆಲ್ಲಿ ಮೀನುಗಳು ಹೇಗೆಂದರೆ ಹಾಗೆ ಬಿದ್ದಿರುತ್ತವೆ. ಕೆಲವು ಮಗುಚಿಕೊಂಡು, ಕೆಲವು ಮಡಚಿಕೊಂಡು. ಈ ಬಿಲ್ಲೆಗಳು ಒಂದೇ ಭಂಗಿಯಲ್ಲಿ, ಬೆಳೆದ ಜಾಗದಲ್ಲೇ ಇದ್ದವು. ಒತ್ತೊತ್ತಾಗಿ ಬೆಳೆದ ಕಡೆ ಪಕ್ಕದ್ದರ ಒತ್ತಡಕ್ಕೆ ಸೊಟ್ಟಗಾಗಿದ್ದವು. ಎಷ್ಟೋ ಬಿಲ್ಲೆಗಳ ನಡುವಿನ ಗುಬುಟು ಕಾಂಡ ಮುರಿದ ಜಾಗ. 2000ದಲ್ಲಿ ಜೇಮ್ಸ್ ಗೆಹ್ಲಿಂಗ್, ಗೈ ನಾರ್ಬನ್ ಮತ್ತು ಮೈಕೆಲ್ ಆಂಡರ್ಸನ್ ನ್ಯೂಫೌಂಡ್‌ಲೆಂಡಿನ ಆಸ್ಪಿಡೆಲ್ಲಾಗಳನ್ನು ದೊಡ್ಡ ಸಂಖ್ಯೆಯಲ್ಲಿ ಹೋಲಿಸಿ ನೋಡಿದರು. ಎಡಿಯಾಕರಿಯಾ, ಸೈಕ್ಲೊಮೆಡುಸಾ ಮೊದಲಾದ ಹೆಸರು ಹೊತ್ತ ರೂಪಗಳೆಲ್ಲ ಅಲ್ಲಿ ಒಂದರಿಂದ ಒಂದಕ್ಕೆ ಸರಾಗವಾಗಿ ಬದಲಾಗುವುದು ಕಂಡಿತು. ಒಂದೇ ಬಗೆಯ ಬುಡ ಎಷ್ಟು ಕೊಳೆತಿತ್ತು, ಮೇಲಿನಿಂದ ಅಚ್ಚು ಬಿತ್ತೋ ಕೆಳಗಿನಿಂದಲೋ ಎಂಬುದನ್ನು ಅವಲಂಬಿಸಿ ಅದರ ನೋಟ ಬದಲಾಗುತ್ತಿತ್ತು. ಡಜನ್‌ಗಟ್ಟಲೆ ಹೆಸರುಗಳು ಕುಸಿದವು. 1872ರ ಹೆಸರೇ ಎಲ್ಲಕ್ಕಿಂತ ಹಳೆಯದಾದ್ದರಿಂದ ಅದು ಉಳಿಯಿತು.

ಬುಡ ಮಾತ್ರ ಉಳಿದು ಗರಿ ಏಕೆ ಮಾಯವಾಯಿತು? ಇದನ್ನು ಅರಿತರೆ ಆ ಕಾಲದ ಕಡಲತಳವೇ ಅರ್ಥವಾಗುತ್ತದೆ. ಎಡಿಯಾಕರನ್ ಕಾಲ 63.5 ಕೋಟಿ ವರ್ಷಗಳ ಹಿಂದೆ ಆರಂಭವಾಗಿ ಸುಮಾರು 53.9 ಕೋಟಿ ವರ್ಷಗಳ ಹಿಂದೆ ಮುಗಿಯಿತು. ಆಗ ಸಮುದ್ರದ ನೆಲವನ್ನು ಆಳವಾಗಿ ಕೊರೆಯುವ ಪ್ರಾಣಿಗಳಿರಲಿಲ್ಲ. ಮರಳಿನ ಮೇಲೆ ಬ್ಯಾಕ್ಟೀರಿಯಾ ಮತ್ತು ಪಾಚಿಗಳು ಸೇರಿ ಹೆಣೆದ ಗಟ್ಟಿಯಾದ ಹಾಸು ಹಬ್ಬಿತ್ತು. ಗರಿಯಂಥ ಜೀವಿಗಳ ಬುಡ ಆ ಹಾಸಿನ ಕೆಳಗೆ ಹೂತಿರುತ್ತಿತ್ತು. ಬಿರುಗಾಳಿ ಎದ್ದಾಗ ಸೆಳೆತಕ್ಕೆ ಗರಿ ಕಿತ್ತುಹೋಗುತ್ತಿತ್ತು, ಬುಡ ಅಲ್ಲೇ ಉಳಿಯುತ್ತಿತ್ತು. ಮೇಲೆ ಮರಳು ಬಂದು ಮುಚ್ಚುತ್ತಿತ್ತು. ಮುಚ್ಚಿದ ಹಾಸು ಕೊಳೆಯುವಾಗ ಬ್ಯಾಕ್ಟೀರಿಯಾಗಳು ಬಿಡುಗಡೆ ಮಾಡಿದ ಗಂಧಕ, ಮರಳಿನಲ್ಲಿದ್ದ ಕಬ್ಬಿಣದೊಂದಿಗೆ ಸೇರಿ ಖನಿಜದ ತೆಳು ಕವಚ ಕಟ್ಟುತ್ತಿತ್ತು ಎಂಬುದು ಗೆಹ್ಲಿಂಗ್ ಅವರ ವಿವರಣೆ. ದೇಹ ಕೊಳೆತು ಟೊಳ್ಳಾದ ಜಾಗಕ್ಕೆ ಕೆಳಗಿನ ಮರಳು ತುಂಬಿಕೊಂಡು ಅಚ್ಚು ಉಳಿಯುತ್ತಿತ್ತು. ಮೂಳೆ, ಚಿಪ್ಪು ಯಾವುದೂ ಇಲ್ಲದ ಮೆತ್ತನೆಯ ದೇಹಗಳು ಒರಟು ಮರಳುಗಲ್ಲಿನಲ್ಲಿ ಉಳಿದಿರುವುದು ಇದರಿಂದಲೇ.

ನ್ಯೂಫೌಂಡ್‌ಲೆಂಡಿನ ಮಿಸ್ಟೇಕನ್ ಪಾಯಿಂಟ್‌ನಲ್ಲಿ ಮರಳಿನ ಬದಲು ಜ್ವಾಲಾಮುಖಿಯ ಬೂದಿ ಕಡಲತಳವನ್ನು ಇದ್ದಹಾಗೆಯೇ ಮುಚ್ಚಿದೆ. ಅಲ್ಲಿ ಬುಡ, ಕಾಂಡ, ಗರಿ ಮೂರೂ ಜೊತೆಯಲ್ಲಿ ಸಿಗುತ್ತವೆ. ಬೂದಿಯಲ್ಲಿನ ಜಿರ್ಕಾನ್ ಹರಳುಗಳಿಂದ ಕಾಲವನ್ನೂ ಅಳೆಯಬಹುದು. ಅಲ್ಲಿನ ಪ್ರಸಿದ್ಧ ಪದರ ಸುಮಾರು 56.5 ಕೋಟಿ ವರ್ಷ ಹಳೆಯದು. 2016ರಲ್ಲಿ ಯುನೆಸ್ಕೊ ಇದನ್ನು ವಿಶ್ವ ಪರಂಪರೆಯ ತಾಣವೆಂದು ಘೋಷಿಸಿತು.

ಹಾಗಾದರೆ ಎಲ್ಲ ಬಿಲ್ಲೆಗಳೂ ಬುಡಗಳೇ? ಅಲ್ಲ. ರಷ್ಯಾದ ಶ್ವೇತ ಸಮುದ್ರದ ದಡದಲ್ಲಿ ಗುಂಪುಗುಂಪಾಗಿ ಸಿಗುವ ಬೆಲ್ಟನೆಲ್ಲಿಫಾರ್ಮಿಸ್ ಎಂಬ ಬಿಲ್ಲೆಗಳಿಗೆ ಕಾಂಡವೂ ಇಲ್ಲ, ಗರಿಯೂ ಇಲ್ಲ. ಅಲ್ಲಿನ ಜೇಡಿಮಣ್ಣು ಕೋಟ್ಯಂತರ ವರ್ಷಗಳಲ್ಲಿ ಹೆಚ್ಚು ಬಿಸಿಯಾಗದ ಕಾರಣ ಜೀವಿಯ ಪೊರೆಯೇ ತೆಳ್ಳಗೆ ಉಳಿದುಕೊಂಡಿದೆ. ಆಸ್ಟ್ರೇಲಿಯನ್ ನ್ಯಾಷನಲ್ ಯೂನಿವರ್ಸಿಟಿಯ ಇಲ್ಯಾ ಬೊಬ್ರೊವ್‌ಸ್ಕಿ, ಯೋಹೆನ್ ಬ್ರಾಕ್ಸ್ ಮತ್ತು ಸಂಗಡಿಗರು ಆ ಪೊರೆಯಲ್ಲಿದ್ದ ಕೊಬ್ಬಿನ ಅಣುಗಳನ್ನು ವಿಶ್ಲೇಷಿಸಿ 2018ರಲ್ಲಿ ಫಲಿತಾಂಶ ಪ್ರಕಟಿಸಿದರು. ಸಿಕ್ಕಿದ್ದು ಬ್ಯಾಕ್ಟೀರಿಯಾಗಳ ಗುರುತು. ಆ ಬಿಲ್ಲೆಗಳು ಸಯನೋಬ್ಯಾಕ್ಟೀರಿಯಾಗಳು ಕಟ್ಟಿಕೊಂಡ ಗೋಲಗಳು. ಪ್ರಾಣಿಗಳಿಗೂ ಅವಕ್ಕೂ ಸಂಬಂಧವಿಲ್ಲ.

ಅದೇ ವರ್ಷ, ಅದೇ ತಂಡ, ಅದೇ ವಿಧಾನವನ್ನು ಡಿಕಿನ್ಸೋನಿಯಾದ ಮೇಲೆ ಪ್ರಯೋಗಿಸಿತು. ಎಡಿಯಾಕರನ್ ಜೀವಿಗಳಲ್ಲಿ ಇದರಷ್ಟು ವಾದಕ್ಕೆ ಎಡೆಮಾಡಿದ್ದು ಬೇರೊಂದಿಲ್ಲ. ಮೊಟ್ಟೆಯಾಕಾರದ ಚಪ್ಪಟೆ ದೇಹ, ನಡುವೆ ಒಂದು ಗೆರೆ, ಅದರ ಎರಡೂ ಬದಿಗೆ ಹೊಲಿದಂತೆ ಸಾಲು ಸಾಲು ಖಂಡಗಳು. ಕೆಲವು ಮಿಲಿಮೀಟರಿನಷ್ಟು ಚಿಕ್ಕವೂ ಇವೆ, 1.4 ಮೀಟರ್ ಉದ್ದದವೂ ಇವೆ. ಬಾಯಿ, ಕಣ್ಣು, ಕಾಲು ಯಾವುದೂ ಇಲ್ಲ. ಹುಳು ಎಂದರು, ಜೆಲ್ಲಿ ಮೀನಿನ ಬಳಗ ಎಂದರು, ದೈತ್ಯ ಏಕಕೋಶ ಜೀವಿ ಎಂದರು. ಜರ್ಮನಿಯ ಅಡಾಲ್ಫ್ ಸೈಲಾಖರ್ 1980ರ ದಶಕದಲ್ಲಿ, ಇವು ಇಂದಿನ ಯಾವ ಪ್ರಾಣಿಗೂ ಪೂರ್ವಜರಲ್ಲದ, ಪೂರ್ತಿ ಅಳಿದುಹೋದ ಬೇರೆಯೇ ಒಂದು ಪ್ರಯೋಗ ಎಂದು ವಾದಿಸಿದರು. ಅಮೆರಿಕದ ಗ್ರೆಗರಿ ರಿಟ್ಯಾಲಕ್, ಇವು ನೆಲದ ಮೇಲೆ ಬೆಳೆದ ಕಲ್ಲುಹೂಗಳು ಎಂದರು.

ಅಣುಗಳು ಈ ಜಗಳವನ್ನು ಹೇಗೆ ಬಗೆಹರಿಸಬಲ್ಲವು? ಪ್ರಾಣಿ, ಸಸ್ಯ, ಶಿಲೀಂಧ್ರಗಳ ಜೀವಕೋಶದ ಪೊರೆಯಲ್ಲಿ ಸ್ಟೆರಾಲ್ ಎಂಬ ಕೊಬ್ಬಿನ ಅಣುಗಳಿರುತ್ತವೆ. ಪ್ರಾಣಿಗಳಲ್ಲಿ ಮುಖ್ಯವಾಗಿ 27 ಇಂಗಾಲದ ಪರಮಾಣುಗಳುಳ್ಳ ಕೊಲೆಸ್ಟೆರಾಲ್ ಇರುತ್ತದೆ. ವೈದ್ಯರು ರಕ್ತಪರೀಕ್ಷೆಯಲ್ಲಿ ನೋಡುವುದು ಇದನ್ನೇ. ಶಿಲೀಂಧ್ರಗಳಲ್ಲಿ 28 ಇಂಗಾಲದ ಎರ್ಗೊಸ್ಟೆರಾಲ್ ಮೇಲುಗೈ ಪಡೆದಿರುತ್ತದೆ. ಹಸಿರು ಪಾಚಿಗಳಲ್ಲಿ ಸಾಮಾನ್ಯವಾಗಿ 29 ಇಂಗಾಲದ ಸ್ಟೆರಾಲ್‌ಗಳು. ಕಾಲ ಕಳೆದಂತೆ ಅಣುವಿನ ಹೊರಗಿನ ಅಲಂಕಾರಗಳು ಉದುರಿದರೂ ಇಂಗಾಲದ ಹಂದರ ಉಳಿಯುತ್ತದೆ. 55.8 ಕೋಟಿ ವರ್ಷ ಹಳೆಯ ಡಿಕಿನ್ಸೋನಿಯಾದ ಪೊರೆಯಲ್ಲಿ 27 ಇಂಗಾಲದ ಹಂದರದ ಪಾಲು ಶೇಕಡ 93ರವರೆಗೆ ಇತ್ತು. ಅದು ಬಿದ್ದಿದ್ದ ಹಾಸಿನಲ್ಲಿ ಹಸಿರು ಪಾಚಿಯ ಅಣುಗಳದೇ ಪ್ರಾಬಲ್ಯ. ಹೊರಗಿನಿಂದ ಬೆರೆತ ಕೊಬ್ಬಾಗಿದ್ದರೆ ಎರಡೂ ಕಡೆ ಒಂದೇ ಬಗೆಯ ಮಿಶ್ರಣ ಸಿಗಬೇಕಿತ್ತು.

ಇದೊಂದೇ ಸಾಕ್ಷ್ಯ ಸಾಲದು, ಏಕೆಂದರೆ ಕೆಂಪು ಪಾಚಿಗಳೂ ಕೊಲೆಸ್ಟೆರಾಲ್ ತಯಾರಿಸುತ್ತವೆ. ಆದರೆ ಡಿಕಿನ್ಸೋನಿಯಾ ಚಲಿಸುತ್ತಿತ್ತು. ಹಾಸಿನ ಮೇಲೆ ಅದು ಸ್ವಲ್ಪ ಕಾಲ ನೆಲೆನಿಂತು, ಆ ಜಾಗವನ್ನು ಸವೆಸಿ, ಮುಂದಕ್ಕೆ ಸರಿದು ಮತ್ತೆ ನಿಂತ ಗುರುತುಗಳ ಸಾಲುಗಳೇ ಸಿಕ್ಕಿವೆ. ಪಾಚಿ ಹಾಗೆ ಸರಿದಾಡುವುದಿಲ್ಲ. ಅಣು ಮತ್ತು ಹೆಜ್ಜೆಗುರುತು ಎರಡನ್ನೂ ಜೊತೆಗಿಟ್ಟು ನೋಡಿದಾಗ ಇದು ಪ್ರಾಣಿ ಎನ್ನಲು ನನಗೆ ಯಾವ ಅಳುಕೂ ಇಲ್ಲ. 2022ರಲ್ಲಿ ಇದೇ ತಂಡ ಇನ್ನೊಂದು ಹೆಜ್ಜೆ ಮುಂದೆ ಹೋಗಿ ಕಿಂಬರೆಲ್ಲಾ ಎಂಬ ಜೀವಿಯ ಕರುಳಿನಲ್ಲಿ ಅರಗಿದ ಪಾಚಿಯ ಅಣುಗಳನ್ನು ಗುರುತಿಸಿತು. ಡಿಕಿನ್ಸೋನಿಯಾದಲ್ಲಿ ಕರುಳಿನ ಸುಳಿವೇ ಇರಲಿಲ್ಲ. ಅದು ಹೊಟ್ಟೆಯ ಅಡಿಭಾಗದ ಚರ್ಮದಿಂದಲೇ ಆಹಾರ ಹೀರಿಕೊಳ್ಳುತ್ತಿದ್ದಿರಬೇಕು. ಕಿಂಬರೆಲ್ಲಾವನ್ನೂ 1960ರ ದಶಕದಲ್ಲಿ ಜೆಲ್ಲಿ ಮೀನು ಎಂದೇ ವರ್ಣಿಸಿದ್ದರು. 1997ರಲ್ಲಿ ಮಿಖಾಯಿಲ್ ಫೆಡೊಂಕಿನ್ ಮತ್ತು ಬೆನ್ ವ್ಯಾಗನರ್ ಅದು ಬಸವನಹುಳುವಿನ ಬಳಗಕ್ಕೆ ಹತ್ತಿರವಾದ, ಎಡಬಲ ಸಮನಾದ ದೇಹದ ಪ್ರಾಣಿ ಎಂದು ತೋರಿಸಿಕೊಟ್ಟರು.

ಟ್ರೈಬ್ರಾಕಿಡಿಯಂ ಎಂಬ ಪುಟ್ಟ ಬಿಲ್ಲೆಯೂ ಇಲ್ಲಿ ನೆನಪಿಗೆ ಬರುತ್ತದೆ. ಅದರ ಮೇಲೆ ಮೂರು ಬಾಗಿದ ತೋಳುಗಳು ನಡುವಿನಿಂದ ಸುರುಳಿ ಸುತ್ತಿ ಹೊರಟಿವೆ. ಇಂದಿನ ಪ್ರಾಣಿಗಳಲ್ಲಿ ಇಂಥ ಮೂರು ಪಾಲಿನ ದೇಹರಚನೆಯೇ ಇಲ್ಲ. 2015ರಲ್ಲಿ ಇಮ್ರಾನ್ ರೆಹಮಾನ್ ಮತ್ತು ಸಂಗಡಿಗರು ಅದರ ಮಾದರಿಯ ಮೇಲೆ ನೀರಿನ ಹರಿವನ್ನು ಕಂಪ್ಯೂಟರಿನಲ್ಲಿ ಲೆಕ್ಕಹಾಕಿದರು. ತೋಳುಗಳು ನೀರನ್ನು ನಿಧಾನಗೊಳಿಸಿ ಮೇಲ್ಭಾಗದ ಮೂರು ಗುಳಿಗಳತ್ತ ತಿರುಗಿಸುತ್ತಿದ್ದವು. ನೀರಿನಲ್ಲಿ ತೇಲುವ ಕಣಗಳನ್ನು ಹಿಡಿದು ತಿನ್ನುವ ಜೀವಿ ಅದು ಎಂಬುದಕ್ಕೆ ಇದು ಒಳ್ಳೆಯ ಆಧಾರ. ಅದು ಯಾರ ನೆಂಟ ಎಂಬುದು ಮಾತ್ರ ತೀರ್ಮಾನವಾಗಿಲ್ಲ.

ಆಕಾರವನ್ನಷ್ಟೇ ನೆಚ್ಚಿದರೆ ಏನಾಗುತ್ತದೆ ಎಂಬುದಕ್ಕೆ ಸ್ಪಷ್ಟ ಉದಾಹರಣೆ ನಮ್ಮ ದೇಶದಲ್ಲೇ ಇದೆ. ಮಧ್ಯಪ್ರದೇಶದ ಭೀಮ್‌ಬೆಟ್ಕಾ ಶಿಲಾಚಿತ್ರಗಳಿಗೆ ಹೆಸರಾದ ತಾಣ. 2020ರ ಮಾರ್ಚ್‌ನಲ್ಲಿ ಅಲ್ಲಿಗೆ ಹೋಗಿದ್ದ ರಿಟ್ಯಾಲಕ್ ಮತ್ತು ಸಂಗಡಿಗರಿಗೆ ಗುಹೆಯ ಗೋಡೆಯ ಮೇಲೆ, ಕೈಗೆಟುಕದ ಎತ್ತರದಲ್ಲಿ, ನಡುಗೆರೆ ಮತ್ತು ಪಕ್ಕೆಗೆರೆಗಳುಳ್ಳ ಮೊಟ್ಟೆಯಾಕಾರದ ಅಚ್ಚೊಂದು ಕಂಡಿತು. ಭಾರತದ ಮೊದಲ ಡಿಕಿನ್ಸೋನಿಯಾ ಎಂದು ಅದು ವೈಜ್ಞಾನಿಕ ಪತ್ರಿಕೆಯಲ್ಲಿ ಪ್ರಕಟವಾಯಿತು. ಪತ್ರಿಕೆಗಳೂ ಸಂಭ್ರಮಿಸಿದವು. ಇದರ ಪರಿಣಾಮ ಸಣ್ಣದಾಗಿರಲಿಲ್ಲ. ವಿಂಧ್ಯ ಶಿಲಾಸಮೂಹದ ಮೇಲಿನ ಪದರಗಳ ವಯಸ್ಸಿನ ಬಗ್ಗೆ ದಶಕಗಳಿಂದ ವಾದವಿದೆ. ಅವು ಸುಮಾರು ನೂರು ಕೋಟಿ ವರ್ಷ ಹಳೆಯವು ಎಂಬುದು ಫ್ಲಾರಿಡಾ ವಿಶ್ವವಿದ್ಯಾಲಯದ ಜೋಸೆಫ್ ಮೀರ್ಟ್ ಮತ್ತು ಅವರ ತಂಡದ ನಿಲುವು. ಅಲ್ಲಿ ಡಿಕಿನ್ಸೋನಿಯಾ ಇದ್ದರೆ ಆ ಕಲ್ಲಿನ ವಯಸ್ಸು ಒಮ್ಮೆಲೇ ಸುಮಾರು 55 ಕೋಟಿ ವರ್ಷಕ್ಕೆ ಇಳಿಯುತ್ತದೆ.

ಮೀರ್ಟ್ ತಂಡ ಸ್ಥಳಕ್ಕೆ ಹೋಗಿ ನೋಡಿತು. ಅಚ್ಚಿನ ಭಾಗ ಕಲ್ಲಿನಿಂದ ಕಿತ್ತುಬರುತ್ತಿತ್ತು. ಅದರಲ್ಲಿ ಮೇಣದ ಎರಿಯ ಗುರುತುಗಳಿದ್ದವು. ಅಕ್ಕಪಕ್ಕದ ಬಂಡೆಗಳಲ್ಲಿ ಹೆಜ್ಜೇನುಗಳು ಕಟ್ಟಿದ ಗೂಡುಗಳು ತೂಗುತ್ತಿದ್ದವು. 2023ರಲ್ಲಿ ಪ್ರಕಟವಾದ ಅವರ ಲೇಖನ, ಅದು ಹಳೆಯ ಹೆಜ್ಜೇನುಗೂಡು ಉದುರಿ ಉಳಿದ ಕಲೆ ಎಂದು ತೋರಿಸಿತು. ರಿಟ್ಯಾಲಕ್ ಅದನ್ನು ಒಪ್ಪಿಕೊಂಡರು. ಹೆಜ್ಜೇನು ಗೂಡು ಕಟ್ಟುವ ಬಂಡೆಯನ್ನು ದಿನವೂ ನೋಡುವ ಊರಿನವರನ್ನು ಒಂದು ಮಾತು ಕೇಳಿದ್ದರೆ ಅವರು ಅದನ್ನು ಗುರುತಿಸುತ್ತಿದ್ದರೇನೋ ಎಂದು ನನಗನ್ನಿಸುತ್ತದೆ.

ಕರ್ನಾಟಕದಲ್ಲೂ ಹಳೆಯ ಬಿಲ್ಲೆಗಳಿವೆ, ಅವು ನಿಜವಾದ ಪಳೆಯುಳಿಕೆಗಳು. ಕಲಬುರಗಿ, ಯಾದಗಿರಿ ಸೀಮೆಯ ಭೀಮಾ ಶಿಲಾಸಮೂಹದಲ್ಲಿ ಚುವಾರಿಯಾ ಎಂಬ, ಕೆಲವೇ ಮಿಲಿಮೀಟರ್ ಅಗಲದ ಇಂಗಾಲದ ಕಪ್ಪು ಬಿಲ್ಲೆಗಳು ಸಿಕ್ಕಿರುವುದು 1980ರ ದಶಕದಿಂದಲೇ ದಾಖಲಾಗಿದೆ. ಮನೆಯ ನೆಲಕ್ಕೆ ಹಾಸುವ ಶಹಾಬಾದ್ ಕಲ್ಲು ಇದೇ ಶಿಲಾಸಮೂಹದ್ದು. ಚುವಾರಿಯಾವನ್ನು ಮೊದಲು ಅಮೆರಿಕದ ಗ್ರ್ಯಾಂಡ್ ಕ್ಯಾನಿಯನ್‌ನಿಂದ 1899ರಲ್ಲಿ ವರ್ಣಿಸಿದ ಚಾರ್ಲ್ಸ್ ವಾಲ್ಕಾಟ್, ಅದನ್ನು ಚಿಪ್ಪಿನ ಪ್ರಾಣಿ ಎಂದೇ ಭಾವಿಸಿದ್ದರು. ಈಗಿನ ತಿಳಿವಳಿಕೆಯಂತೆ ಅದು ಪಾಚಿಯಂಥ ಜೀವಿಯ ಗೋಲ. ಮೇಲಿನ ಕೆಸರಿನ ಭಾರಕ್ಕೆ ಚಪ್ಪಟೆಯಾಗಿದೆ. ಅದರ ಉಂಗುರಗಳು ಗೋಲ ಕುಸಿದಾಗ ಬಿದ್ದ ಸುಕ್ಕುಗಳು.

ಹೀಗೆ ಒಂದೊಂದೇ ಬಿಲ್ಲೆಯನ್ನು ಅದರದರ ಮನೆಗೆ ಕಳುಹಿಸಿದ ಮೇಲೆ ಪ್ರಾಣಿಗಳ ಆರಂಭದ ಬಗ್ಗೆ ಏನು ಉಳಿಯುತ್ತದೆ? ಸಾಕಷ್ಟು ಉಳಿಯುತ್ತದೆ. ಸುಮಾರು 57.5 ಕೋಟಿ ವರ್ಷಗಳ ಹಿಂದೆ ಕಡಲತಳದಲ್ಲಿ ಗರಿಯಂಥ ದೊಡ್ಡ ಜೀವಿಗಳು ಊರಿ ನಿಂತಿದ್ದವು. ಅವು ಬೆಳೆಯುವ ಕ್ರಮವನ್ನು ನೋಡಿದರೆ ಅವೂ ಪ್ರಾಣಿವೃಕ್ಷದ ಬುಡದ ಕೊಂಬೆಗಳೇ ಇರಬೇಕು ಎಂಬ ಅಭಿಪ್ರಾಯ ಬಲವಾಗುತ್ತಿದೆ. 56 ಕೋಟಿ ವರ್ಷಗಳ ಹೊತ್ತಿಗೆ ಚಲಿಸುವ, ಹಾಸನ್ನು ಕೆರೆದು ತಿನ್ನುವ, ಕರುಳುಳ್ಳ ಪ್ರಾಣಿಗಳು ಬಂದಿದ್ದವು. ಆಸ್ಟ್ರೇಲಿಯಾದಲ್ಲಿ ಸಿಕ್ಕು 2020ರಲ್ಲಿ ಹೆಸರು ಪಡೆದ ಇಕಾರಿಯಾ 2ರಿಂದ 7 ಮಿಲಿಮೀಟರ್ ಉದ್ದದ ಹುಳುವಿನಂಥ ಜೀವಿ; ಮುಂದೆ, ಹಿಂದೆ ಎಂಬ ಭೇದವಿದ್ದ ದೇಹ ಅದರದು. ಜೆಲ್ಲಿ ಮೀನಿನ ನಿಜವಾದ ಬಂಧುವೂ ಸಿಕ್ಕಿದೆ, ಅದೂ ಚಾರ್ನ್‌ವುಡ್‌ನಲ್ಲೇ. 2022ರಲ್ಲಿ ವರ್ಣಿಸಲಾದ ಔರೊರಾಲುಮಿನಾ ಬಿಲ್ಲೆಯ ಆಕಾರದ್ದಲ್ಲ. ಗಟ್ಟಿ ಬಟ್ಟಲುಗಳಿಂದ ಗ್ರಹಣಾಂಗಗಳನ್ನು ಹೊರಚಾಚಿದ ಜೀವಿ.

ಸುಮಾರು 55 ಕೋಟಿ ವರ್ಷಗಳ ಹಿಂದೆ ಈ ಬಗೆಗಳಲ್ಲಿ ಬಹುಪಾಲು ಕಾಣೆಯಾದವು. 2022ರ ಒಂದು ಅಧ್ಯಯನದ ಪ್ರಕಾರ ಸುಮಾರು ಶೇಕಡ 80ರಷ್ಟು. ಕಡಲಿನಲ್ಲಿ ಆಮ್ಲಜನಕ ತಗ್ಗಿದ್ದು ಕಾರಣವಿರಬಹುದು ಎಂದು ಅದರ ಲೇಖಕರು ಹೇಳುತ್ತಾರೆ. ಆಮೇಲೆ ಕೇಂಬ್ರಿಯನ್ ಕಾಲದ ಪ್ರಾಣಿಗಳು ಕಡಲತಳವನ್ನು ಕೊರೆಯತೊಡಗಿದವು. ಹಾಸು ತಿಂದುಹೋಯಿತು, ಕಲಕಿಹೋಯಿತು. ಮೆತ್ತನೆಯ ದೇಹದ ಅಚ್ಚು ತೆಗೆದಿಡುತ್ತಿದ್ದ ವ್ಯವಸ್ಥೆಯೂ ಅದರೊಂದಿಗೆ ಮುಗಿಯಿತು. ಆದ್ದರಿಂದ ನಂತರದ ಮರಳುಗಲ್ಲಿನಲ್ಲಿ ಬಿಲ್ಲೆಗಳು ಸಿಗದಿರುವುದನ್ನೇ ಅವು ಅಳಿದವು ಎಂಬುದಕ್ಕೆ ಪುರಾವೆ ಮಾಡಿಕೊಳ್ಳುವಂತಿಲ್ಲ. ಕೆನಡಾದ ಬರ್ಜೆಸ್ ಶೇಲ್‌ನಂಥ, ಮೆತ್ತನೆಯ ದೇಹಗಳನ್ನು ಬೇರೆ ಬಗೆಯಲ್ಲಿ ಉಳಿಸಿಕೊಂಡ ಕೇಂಬ್ರಿಯನ್ ಪದರಗಳನ್ನು ನೋಡಬೇಕು. ಅಲ್ಲಿ ಗರಿಯಂಥವು ಬೆರಳೆಣಿಕೆಯಷ್ಟು ಮಾತ್ರ ಇವೆ. ಹಾಗಾಗಿ ಬಹುಪಾಲು ನಿಜಕ್ಕೂ ಅಳಿದವು ಎನ್ನಬಹುದು. ಅದೇ ಬರ್ಜೆಸ್ ಶೇಲ್‌ನಲ್ಲಿ ಎಲ್ಡೋನಿಯಾ ಎಂಬ ಬಿಲ್ಲೆ ಹೇರಳವಾಗಿ ಸಿಗುತ್ತದೆ. ವಾಲ್ಕಾಟ್ 1911ರಲ್ಲಿ ಅದನ್ನು ಕಡಲ ಸೌತೆ ಎಂಬ ಮೆತ್ತನೆಯ ಪ್ರಾಣಿ ಎಂದರು, ಬೇರೆಯವರು ಜೆಲ್ಲಿ ಮೀನು ಎಂದರು. ಆದರೆ ಅದರೊಳಗೆ ಬಾಯಿಯಿಂದ ಗುದದವರೆಗೆ ಸುರುಳಿ ಸುತ್ತಿದ ಕರುಳು ಸ್ಪಷ್ಟವಾಗಿ ಕಾಣುತ್ತದೆ. ಆ ಕರುಳು ಮತ್ತು ಬಾಯಿಯ ಸುತ್ತಲಿನ ಗ್ರಹಣಾಂಗಗಳ ಆಧಾರದ ಮೇಲೆ ಈಗ ಅದನ್ನು ನಕ್ಷತ್ರಮೀನುಗಳು ಸೇರಿದ ದೊಡ್ಡ ವಂಶದ ಆರಂಭದ ಕೊಂಬೆಯಲ್ಲಿ ಇರಿಸಿದ್ದಾರೆ.